ಗೆರೆಯ ಅಗಲ

"ಇರುವುದಕ್ಕೆಲ್ಲ ಒಂದು ಅಂಚು ಇರಲೇಬೇಕಲ್ಲವೇ ಗುರುಗಳೇ?" ಎಂದು ಶಿಷ್ಯ ಕೇಳಿದ.

ಅವನು ಆಗ ತರ್ಕ ಓದುತ್ತಿದ್ದ. ಘಟ ಬೇರೆ, ಪಟ ಬೇರೆ ಎಂಬ ಪಾಠ ಹೊಸದಾಗಿ ನಾಲಿಗೆಗೆ ಹತ್ತಿತ್ತು. ಮಠದ ಜಗುಲಿಯ ಮೇಲೆ ಕುಳಿತು ಕಣ್ಣಿಗೆ ಬಿದ್ದದ್ದನ್ನೆಲ್ಲ ಬೇರೆ ಬೇರೆ ಮಾಡಿ ನೋಡುತ್ತಿದ್ದ.

"ಮಡಕೆಗೆ ಅಂಚಿದೆ, ಬಟ್ಟೆಗೆ ಅಂಚಿದೆ. ಇಲ್ಲಿಂದ ಇಲ್ಲಿಯವರೆಗೆ ಎಂದು ಬೆರಳಿಟ್ಟು ತೋರಿಸಬಹುದು. ಹಾಗೆ ತೋರಿಸಲಾಗದ್ದನ್ನು ಇದೆ ಎನ್ನುವುದು ಹೇಗೆ? ಎಲ್ಲಿ ಮುಗಿಯುತ್ತದೆ ಎಂದೇ ಗೊತ್ತಿಲ್ಲದ್ದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅಲ್ಲವೇ?"

ಗುರುಗಳು ವಿಭೂತಿಯ ಗಟ್ಟಿಯನ್ನು ತಟ್ಟೆಯಲ್ಲಿಟ್ಟು ಕೈ ಒರೆಸಿಕೊಂಡರು.

"ಮರಿ, ನೀನು ಕೇಳಿದ್ದು ಸಣ್ಣ ಮಾತಲ್ಲ. ಇದೇ ಮಾತನ್ನು ಹಿಂದೆ ಒಬ್ಬ ಅರಸನೂ ಕೇಳಿದ್ದ. ಕೂತುಕೋ, ಹೇಳುತ್ತೇನೆ" ಎಂದು ಶುರುಮಾಡಿದರು.

ಒಂದು ಸೀಮೆಗೆ ಒಬ್ಬ ಅರಸ. ಅವನು ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಕತೆಯಲ್ಲಿ ಅರಸ ಬಂದ ಕೂಡಲೇ ಕೇಳುವವರು ತಪ್ಪನ್ನೆಲ್ಲ ಅವನ ತಲೆಗೆ ಕಟ್ಟಿ, ತಾವು ಹಾಯಾಗಿ ಗೋಡೆಗೆ ಒರಗಿ ಕೂತುಬಿಡುತ್ತಾರೆ. ಅವನ ಸೀಮೆಯಲ್ಲಿ ಬೆಳಗಾದರೆ ಜಗಳ. ನಿನ್ನ ಹೊಲ ಇಲ್ಲಿಗೆ ಮುಗಿಯಿತು, ನನ್ನದು ಇಲ್ಲಿಂದ ಶುರು ಎಂದು ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಕುಡುಗೋಲು ಎತ್ತುತ್ತಿದ್ದರು. ನ್ಯಾಯ ಹೇಳಿ ಹೇಳಿ ಅರಸನಿಗೆ ಸಾಕಾಯಿತು. ಇಡೀ ಸೀಮೆಯನ್ನು ಒಂದು ಬಟ್ಟೆಯ ಮೇಲೆ ಬರೆಸಿಬಿಡೋಣ, ಯಾವುದು ಎಲ್ಲಿಗೆ ಮುಗಿಯುತ್ತದೆ ಎಂದು ಎಲ್ಲರೂ ಕಣ್ಣಾರೆ ಕಾಣಲಿ, ಆಮೇಲೆ ಯಾರೂ ಹೊಡೆದಾಡಬೇಕಾಗಿಲ್ಲ ಎಂದುಕೊಂಡ.

ಬರೆಯುವುದಕ್ಕೆ ಮೂರೇ ಗುರುತು. ಬಾವಿ, ಗುಡಿ, ಒಂಟಿ ಮರಗಳಿಗೆ ಚುಕ್ಕೆ. ದಾರಿಗೆ, ಹಳ್ಳಕ್ಕೆ ಗೆರೆ. ಹೊಲಕ್ಕೆ, ಕೆರೆಗೆ, ಊರಿಗೆ ಸುತ್ತು. ಹೆಣ್ಣುಮಕ್ಕಳು ಹೊಸ್ತಿಲ ಮುಂದೆ ರಂಗೋಲಿ ಇಡುವುದಕ್ಕೂ ಇದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಸೀಮೆಯಲ್ಲಿ ಏನೇ ಇರಲಿ, ಈ ಮೂರರಲ್ಲಿ ಒಂದಾಗಬೇಕು. ಸುತ್ತು ಹಾಕಿದರೆ ಅದರ ಬಾಯಿ ಕೂಡಬೇಕು. ಒಂದು ಸುತ್ತಿನ ಮೇಲೆ ಇನ್ನೊಂದು ಏರಬಾರದು. ಎರಡು ಸುತ್ತುಗಳ ನಡುವೆ ತೆರಪು ಉಳಿಯಬಾರದು, ಯಾಕೆಂದರೆ ತೆರಪು ಉಳಿದಲ್ಲಿ ಜಗಳ ಹುಟ್ಟುತ್ತದೆ. ಸುತ್ತಿನೊಳಗೆ ಯಾರದಾದರೂ ಹೆಸರು ಇರಬೇಕು. ಅರಸನ ಕಟ್ಟಳೆ ಇಷ್ಟೇ. ಕೇಳಿದರೆ ತಪ್ಪೇನೂ ಕಾಣುವುದಿಲ್ಲ.

ಆ ಸೀಮೆಯ ಮೂಲೆಯಲ್ಲಿ ಒಂದು ಊರು. ಆ ಊರಿಗೊಂದು ಕೆರೆ. ಕೆರೆಯ ಒಂದು ಮಗ್ಗುಲಿಗೆ ಏರಿ. ಅಲ್ಲಿ ಕೆರೆ ಎಲ್ಲಿಗೆ ಮುಗಿಯುತ್ತದೆ ಎಂದು ಕುರುಡನೂ ಹೇಳಬಲ್ಲ, ಮಂಡಿಗೆ ಕಲ್ಲು ತಗಲುತ್ತದೆ. ಆಚೆಯ ಮಗ್ಗುಲು ಹಾಗಲ್ಲ. ಅಲ್ಲಿ ನೀರು ಮೆಲ್ಲಗೆ ತೆಳುವಾಗಿ ಕೆಸರಾಗುತ್ತಿತ್ತು. ಕೆಸರು ಮೆಲ್ಲಗೆ ಗಟ್ಟಿಯಾಗಿ ಹೊಲವಾಗುತ್ತಿತ್ತು. ಎರಡರ ನಡುವೆ ಜೊಂಡು ಎಂಬ ಆಳೆತ್ತರದ ಹುಲ್ಲು. ನೀರು ಏರಿದ ವರ್ಷ ಜೊಂಡು ಹೊಲದ ಕಡೆಗೆ ಸರಿಯುತ್ತಿತ್ತು, ಇಳಿದ ವರ್ಷ ಕೆರೆಯ ಕಡೆಗೆ ಸರಿಯುತ್ತಿತ್ತು. ನೆಟ್ಟಲ್ಲಿ ನಿಲ್ಲುವ ಜಾತಿಯಲ್ಲ ಅದು.

ಆ ಜೊಂಡನ್ನು ಕೊಯ್ದು ಚಾಪೆ ಹೆಣೆದು ಬದುಕುವ ಒಂದು ಕೇರಿ ಇತ್ತು. ಆ ಕೇರಿಯಲ್ಲಿ ಒಬ್ಬ ಹೆಂಗಸು. ಹೊಂಬಾಳಮ್ಮ ಎಂದಿಟ್ಟುಕೊಳ್ಳೋಣ. ಅವಳ ಗಂಡನಿಗೆ ಕಾಲು ಸ್ವಾಧೀನವಿರಲಿಲ್ಲ. ಅವನು ಕೂತಲ್ಲೇ ಹೆಣೆಯುತ್ತಿದ್ದ. ಕೊಯ್ಯುವುದು, ಹೊರುವುದು, ಒಣಗಿಸುವುದು ಅವಳ ಪಾಲು. ಜೊಂಡು ಮನೆಗೆ ಬಂದರೆ ಒಲೆ ಹೊತ್ತುತ್ತಿತ್ತು, ಬರದಿದ್ದರೆ ಇಲ್ಲ. ಕೂತವನ ಕೈಗೆ ಬೇರೆ ಯಾವ ಕಸುಬನ್ನು ಕೊಡುವುದು?

ಆ ಕೇರಿಯವರಿಗೆ ಒಂದು ನೇಮ. ಜೊಂಡಿನೊಳಗೆ ಕಾಲಿಟ್ಟ ಮೇಲೆ 'ನಂದು' ಎಂಬ ಮಾತು ಬಾಯಿಂದ ಬರಬಾರದು. ಜೊಂಡು ಗಂಗಮ್ಮನ ತಲೆಗೂದಲು ಎಂದು ಅವರ ನಂಬಿಕೆ. ಅಮ್ಮನ ಕೂದಲಲ್ಲಿ ನಿಂತು ನಂದು ಎಂದವರ ಕೈ ಸೊರಗಿಹೋಗುತ್ತದೆ. ಕೊಯ್ಯುವ ಮೊದಲು ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, "ತಾಯೇ, ಸಿಕ್ಕು ಬಿಡಿಸಿ ಬಾಚಿಕೊಡ್ತೀನಿ" ಎಂದು ಹೇಳಿ ಕುಡುಗೋಲು ಹಾಕುತ್ತಿದ್ದರು. ಬೇರು ಮುಟ್ಟುತ್ತಿರಲಿಲ್ಲ. ಕುಡುಗೋಲು ಕೈಜಾರಿ ಕೆಸರಿಗೆ ಬಿದ್ದರೂ 'ನನ್ನ ಕುಡುಗೋಲು' ಎನ್ನುವಂತಿಲ್ಲ, 'ಕುಡುಗೋಲೊಂದು ಬಿತ್ತು' ಎನ್ನಬೇಕು. ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರನ್ನು ಗೋಳು ಹೊಯ್ದುಕೊಳ್ಳುವುದಕ್ಕೆ ಉಳಿದ ಹೆಂಗಸರಿಗೆ ಇದೇ ಸಾಕಾಗಿತ್ತು.

"ಏನೇ, ಅಲ್ಲಿ ಕೆಸರಲ್ಲಿ ಜಾರಿಬಿದ್ದೋನು ಯಾರ ಗಂಡನೇ?" ಎಂದು ಕೇಳುತ್ತಿದ್ದರು.

"ಯಾರ ಗಂಡನೋ ಅತ್ತೆಮ್ಮ. ಬಿದ್ದಿರೋದು ನೋಡಿದ್ರೆ ಯಾರಿಗೂ ಬೇಡವಾದೋನು" ಎಂದು ಸೊಸೆ ಹೇಳಬೇಕು. ಹೇಳಿದರೆ ಜಾಣೆ.

ಹೊಂಬಾಳಮ್ಮನೂ ಹಾಗೆ ಹೇಳಿಯೇ ಆ ಕೇರಿಯವಳಾಗಿದ್ದಳು. ನಂದು ಎನ್ನದವರ ನಡುವೆ ಜಗಳವಿರಲಿಲ್ಲ. ಯಾರ ಮನೆಗೆ ಎಷ್ಟು ಬೇಕೋ ಅಷ್ಟು ಕೊಯ್ಯುತ್ತಿದ್ದರು. ಅರಸನ ಸೀಮೆಯಲ್ಲಿ ಗಲಾಟೆಯಿಲ್ಲದ ಒಂದು ಜಾಗವಿದ್ದರೆ ಅದು ಆ ಜೊಂಡು. ಅದನ್ನು ಅರಸನಿಗೆ ಯಾರೂ ಹೇಳಲಿಲ್ಲ.

ಒಂದು ದಿನ ನಕ್ಷೆಗಾರ ಬಂದ. ಅವನ ಜೊತೆ ಹಗ್ಗ ಹಿಡಿಯುವವರು, ಗೂಟ ಹೊಡೆಯುವವರು. ಅವನೂ ಒಳ್ಳೆಯವನೇ. ಪ್ರತಿ ಊರಿನಲ್ಲೂ ಜನರನ್ನು ಕೇಳದೆ ಒಂದು ಗೂಟವನ್ನೂ ಹೊಡೆಸುತ್ತಿರಲಿಲ್ಲ. ಊರವರನ್ನು ಕೆರೆಯ ಹತ್ತಿರ ಸೇರಿಸಿ, "ಈ ಕಡೆ ಕೆರೆ ಎಲ್ಲಿಗೆ ಮುಗಿಯುತ್ತದೆ?" ಎಂದು ಕೇಳಿದ.

ಒಬ್ಬ ಮೀನುಗಾರ ಮುಂದೆ ಬಂದ. "ಹರಿಗೋಲು ತಳ ಕಚ್ಚಿತು ಅಂದ್ರೆ ಕೆರೆ ಮುಗೀತು ಬುದ್ಧಿ" ಎಂದು ಜೊಂಡಿನ ಒಳಮಗ್ಗುಲನ್ನು ತೋರಿಸಿದ.

"ಎಲ್ಲಾದರೂ ಉಂಟೇ!" ಎಂದ ಒಬ್ಬ ರೈತ. "ಎತ್ತಿನ ಗೊರಸು ಎಲ್ಲಿ ಹೂತುಕೊಳ್ತದೋ ಅಲ್ಲಿಗೆ ಹೊಲ ಮುಗೀತು. ಅಲ್ಲಿಂದಾಚೆಗೆ ಕೆರೆ." ಅವನು ತೋರಿಸಿದ್ದು ಜೊಂಡಿನ ಹೊರಮಗ್ಗುಲನ್ನು.

"ಕಪ್ಪೇನ ಕೇಳಿ ಬುದ್ಧಿ" ಎಂದು ಹಿಂದಿನಿಂದ ಯಾರೋ ಕೂಗಿದರು. "ಅದಕ್ಕೆ ಎರಡು ಕಡೇಲೂ ಮನೆ ಐತೆ, ಸುಳ್ಳು ಹೇಳೋದಿಲ್ಲ."

ಜನ ನಕ್ಕರು. ನಕ್ಷೆಗಾರನೂ ನಕ್ಕ. ಆದರೆ ಅವನಿಗೆ ಕಷ್ಟ ಬಂತು. ಒಬ್ಬ ಇಲ್ಲಿ ಎನ್ನುತ್ತಾನೆ, ಒಬ್ಬ ಅಲ್ಲಿ ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುವವರಲ್ಲ. ನಡುವೆ ಉಳಿದದ್ದು ತೆರಪು. ತೆರಪು ಉಳಿಯಬಾರದು.

"ಹಾಗಾದರೆ ಇದೇನು?" ಎಂದು ಅವನು ಜೊಂಡಿಗೆ ಕೈ ತೋರಿಸಿದ.

ಜನ ಹೊಂಬಾಳಮ್ಮನ ಕಡೆ ತಿರುಗಿದರು. ಅವಳು ಕೊಯ್ಲಿನ ನಡುವೆ ಇದ್ದಳು. ಕಂಕುಳಲ್ಲಿ ಒಂದು ಹಿಡಿ ಜೊಂಡು, ಮೀನಖಂಡದವರೆಗೆ ಕೆಸರು.

"ಜೊಂಡು ಬುದ್ಧಿ" ಎಂದಳು.

"ಅದು ಗೊತ್ತಾಯಿತಮ್ಮ. ಇದು ಕೆರೆಯೋ, ಹೊಲವೋ?"

"ಕೆರೆಯಾಗಿದ್ರೆ ನಾನು ಮುಳುಗಬೇಕಿತ್ತು. ಹೊಲವಾಗಿದ್ರೆ ಈ ಅಣ್ಣ ನನ್ನನ್ನ ಅಟ್ಟಿಸಿಕೊಂಡು ಬರಬೇಕಿತ್ತು" ಎಂದು ಅವಳು ರೈತನನ್ನು ನೋಡಿ ನಕ್ಕಳು. "ಎರಡೂ ಆಗಿಲ್ಲ ನೋಡಿ."

ನಕ್ಷೆಗಾರ ಗಲ್ಲ ಕೆರೆದುಕೊಂಡ. ಅವನಿಗೆ ಆ ಹೆಂಗಸಿನ ಮೇಲೆ ಕರುಣೆ ಬಂತು. "ಹಾಗೋ? ಹಾಗಾದರೆ ಇದಕ್ಕೂ ಬೇರೆಯಾಗಿ ಒಂದು ಸುತ್ತು ಹಾಕಿಬಿಡುತ್ತೇನೆ. ಕೆರೆಯ ಸುತ್ತು ಅಲ್ಲಿಗೆ, ಹೊಲದ ಸುತ್ತು ಇಲ್ಲಿಗೆ, ನಡುವೆ ಇದರದು. ಹೆಸರು ಹೇಳು ತಾಯಿ. ಇದು ಯಾರದು?"

ಅವನು ಕೊಡುವುದಕ್ಕೇ ಕೇಳಿದ್ದ. ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಹೊಂಬಾಳಮ್ಮನಿಗೂ ಕಂಡಿತು. ಮಾತು ಅವಳ ಗಂಟಲಿನವರೆಗೆ ಬಂತು. ಆದರೆ ಅವಳ ಕಾಲು ಕೆಸರಿನಲ್ಲಿತ್ತು. ಸುತ್ತ ಅಮ್ಮನ ಕೂದಲು ಅಲುಗಾಡುತ್ತಿತ್ತು. ಸ್ವಲ್ಪ ದೂರ ನಡೆದು ಹೊಲದ ಬದುವಿನ ಮೇಲೆ ನಿಂತು ಹೇಳಿದ್ದರೆ ನೇಮವೂ ಉಳಿಯುತ್ತಿತ್ತು, ಜೊಂಡೂ ಉಳಿಯುತ್ತಿತ್ತು. ಅವಳಿಗೆ ಅದು ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಮೋಸ ಮಾಡದವರಿಗೆ ಬದುವಿನವರೆಗೆ ನಡೆದು ಹೋಗುವ ಉಪಾಯ ಹೊಳೆಯುವುದಿಲ್ಲ.

"ಗಂಗಮ್ಮನದು ಬುದ್ಧಿ" ಎಂದು ಕಂಕುಳ ಜೊಂಡನ್ನು ಕೆಳಗಿಟ್ಟು ಕೈ ಮುಗಿದಳು. ಅವಳ ಹಿಂದೆ ನಿಂತಿದ್ದ ಕೇರಿಯ ಹೆಂಗಸರೂ ಕೈ ಮುಗಿದರು.

"ಗಂಗಮ್ಮ ಎಂದರೆ ನೀರೇ ಅಲ್ಲವೇ?" ಎಂದ ನಕ್ಷೆಗಾರ. "ನೀರಿಗೆ ಆಗಲೇ ಸುತ್ತು ಇದೆ. ದೇವರ ಹೆಸರು ಬಿಡು. ಮನುಷ್ಯರದು ಹೇಳು."

"ಮನುಷ್ಯರದು ಹೆಂಗಾದೀತು?"

"ಸರಿ, ಹೆಸರು ಆಮೇಲಾಗಲಿ. ಇದು ಎಲ್ಲಿಂದ ಎಲ್ಲಿಯವರೆಗೆ? ಅಷ್ಟಾದರೂ ಹೇಳು."

"ಅದು ಅಮ್ಮನ ಮನಸ್ಸು. ಹೋದ ವರ್ಷ ಆ ಹೊಂಗೆ ಮರದ ಬುಡದ ತನಕ ಇತ್ತು. ಈ ವರ್ಷ ಇಲ್ಲಿಗೆ ಇಳಿದಳು."

"ಬರುವ ವರ್ಷ?"

"ಅವಳು ಯಾವ ಮಗ್ಗುಲಿಗೆ ತಲೆ ಬಾಗಿಸಿದ್ರೆ ಆ ಮಗ್ಗುಲಿಗೆ."

ನಕ್ಷೆಗಾರ ಬದುವಿನ ಮೇಲೆ ಕುಳಿತ. ಹೆಸರಿಲ್ಲದ್ದಕ್ಕೆ ಸುತ್ತಿಲ್ಲ. ಅಂಚು ಸರಿದಾಡುವುದಕ್ಕೆ ಸುತ್ತು ಹಾಕುವಂತೆಯೂ ಇಲ್ಲ. ಹಾಕದೆ ಬಿಟ್ಟರೆ ತೆರಪು. ತುಂಬ ಹೊತ್ತು ಯೋಚನೆ ಮಾಡಿದ. ಆಮೇಲೆ ಅವನ ಮುಖ ಅರಳಿತು. ಮೀನುಗಾರ ತೋರಿಸಿದ ಜಾಗಕ್ಕೂ ರೈತ ತೋರಿಸಿದ ಜಾಗಕ್ಕೂ ಸರಿಯಾಗಿ ನಡುವೆ ಒಂದು ಗೆರೆ ಎಳೆದರಾಯಿತು. ಕೆರೆ ಅಲ್ಲಿಗೆ ಮುಗಿಯಲಿ, ಹೊಲ ಅಲ್ಲಿಂದಲೇ ಶುರುವಾಗಲಿ. ಇಬ್ಬರಿಗೂ ಅರ್ಧರ್ಧ ನ್ಯಾಯ.

"ನೋಡು ತಾಯಿ" ಎಂದು ಅವನು ಹೊಂಬಾಳಮ್ಮನನ್ನು ಕರೆದ. "ಕೆರೆಗೂ ಹೊಲಕ್ಕೂ ನಡುವೆ ಈ ಗೆರೆ. ಇದನ್ನು ಹಸಿರು ಮಸಿಯಲ್ಲಿ ಬರೆಯುತ್ತೇನೆ. ಇದೇ ನಿನ್ನ ಜೊಂಡು. ಸುತ್ತು ಹಾಕಿದ್ದರೆ ಒಂದು ಕಡೆ ಮಾತ್ರ ಇರುತ್ತಿತ್ತು. ಗೆರೆಯಾದ್ದರಿಂದ ಕೆರೆಯ ಮಗ್ಗುಲುದ್ದಕ್ಕೂ ಇದೆ."

ಅವನು ಮೋಸ ಮಾಡಲಿಲ್ಲ. ಅವನಿಗೂ ಅದು ನಿಜವೆಂದೇ ತೋರಿತ್ತು.

ಗೆರೆ ಎಲ್ಲಿ ಹಾಯಬೇಕೆಂದು ಗೊತ್ತಾಗಲು ಜೊಂಡನ್ನು ಬಿಡಿಸಿಕೊಂಡು ಮುಂದೆ ಹೋಗುವವರು ಬೇಕಾಗಿತ್ತು. ಹೊಂಬಾಳಮ್ಮ ಹಗ್ಗದ ತುದಿ ಹಿಡಿದು ಮುಂದೆ ನಡೆದಳು. ಅವಳು ನಿಂತಲ್ಲಿ ಗೂಟ ಬಿತ್ತು. ಮನೆಗೆ ಹೋಗಿ ಗಂಡನಿಗೆ ಹೇಳಿದಳು. "ಅರಸರ ಬಟ್ಟೆ ಮೇಲೆ ನಮ್ಮ ಜೊಂಡಿಗೂ ಜಾಗ ಸಿಕ್ತು. ಹಸಿರು ಗೆರೆ. ಈ ತುದಿಯಿಂದ ಆ ತುದಿವರೆಗೆ."

ಗಂಡ ಹೆಣಿಗೆಯಿಂದ ತಲೆ ಎತ್ತಿದ. "ನಿನ್ನ ಬಾಯಲ್ಲಿ ನಮ್ಮ ಜೊಂಡು ಅಂತ ಬಂತಲ್ಲೇ?"

"ಮನೇಲಿ ಹೇಳಿದ್ದು. ಅಲ್ಲಿ ಹೇಳಿದ್ನಾ?" ಎಂದು ನಾಲಿಗೆ ಕಚ್ಚಿಕೊಂಡಳು.

ಆ ವಾರ ಗಂಡಹೆಂಡಿರು ಸೇರಿ ಒಂದು ಚಾಪೆ ಹೆಣೆದು ನಕ್ಷೆಗಾರನಿಗೆ ಕೊಟ್ಟರು. ಅವನು ಕಣ್ಣಿಗೆ ಒತ್ತಿಕೊಂಡು ತೆಗೆದುಕೊಂಡ.

ನಕ್ಷೆಯ ಬಟ್ಟೆಯನ್ನು ಅರಸನ ಚಾವಡಿಯ ಗೋಡೆಗೆ ತೂಗುಹಾಕಿದರು. ಎಲ್ಲರೂ ಹೋಗಿ ತಮ್ಮ ತಮ್ಮ ಸುತ್ತನ್ನು ನೋಡಿಕೊಂಡು ಬಂದರು. ರೈತನೂ ಹೋದ. ಅವನ ಹೊಲ ಹಸಿರು ಗೆರೆಯವರೆಗೆ ಹೋಗಿತ್ತು. ಎತ್ತು ಹೂತುಕೊಳ್ಳುವ ಜಾಗವನ್ನು ಅವನು ಅದುವರೆಗೆ ಹೊಲವೆಂದುಕೊಂಡೇ ಇರಲಿಲ್ಲ. ಈಗ ಗೆರೆಯವರೆಗೂ ಹೊಲವಾಯಿತು. ಹೊಲವೆಂದ ಮೇಲೆ ಉಳದೆ ಬಿಟ್ಟರೆ ನಾಲ್ಕು ಜನ ಸೋಮಾರಿ ಎನ್ನುತ್ತಾರೆ. ಕಾಲುವೆ ತೋಡಿ ನೀರು ಬಸಿದ. ಜೊಂಡಿಗೆ ಬೆಂಕಿ ಇಟ್ಟ. ಮಣ್ಣು ಹೊಡೆಸಿದ. ಇತ್ತ ಮೀನುಗಾರನೂ ಚಾವಡಿಗೆ ಹೋಗಿ ಬಂದಿದ್ದ. ಅವನ ಕೆರೆ ಹಸಿರು ಗೆರೆಯವರೆಗೆ ಬಂದಿತ್ತು. ಕೆರೆಯೆಂದ ಮೇಲೆ ಹರಿಗೋಲು ಓಡಬೇಕು. ಹೂಳು ಎತ್ತಿಸಿದ. ಜೊಂಡನ್ನು ಬೇರುಸಹಿತ ಕೀಳಿಸಿದ.

ಹೊಂಬಾಳಮ್ಮ ಕುಡುಗೋಲು ಹಿಡಿದು ಹೋದರೆ ಒಂದು ಹೊರೆಗೂ ಜೊಂಡು ಸಿಕ್ಕುತ್ತಿರಲಿಲ್ಲ. ಗೂಟಗಳ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಕಡ್ಡಿ ನಿಂತಿತ್ತು. ಅವಳು ರೈತನ ಹತ್ತಿರ ಹೋದಳು.

"ಏನಣ್ಣಾ ಹಿಂಗೆ ಮಾಡಿದೆ?"

"ನಾನು ಗೆರೆ ದಾಟಿದ್ದೀನಾ ಹೊಂಬಾಳಕ್ಕ? ನೀನೇ ಹಗ್ಗ ಹಿಡಿದೋಳು. ಹೇಳು."

ಅವಳು ನೋಡಿದಳು. ಅವನು ದಾಟಿರಲಿಲ್ಲ.

ಮೀನುಗಾರನ ಹತ್ತಿರ ಹೋದಳು. "ಅಕ್ಕಾ, ನನ್ನ ಹರಿಗೋಲು ಗೂಟದಿಂದ ಆಚೆಗೆ ಹೋಗಿದ್ರೆ ಕಾಲಿನ ಕೆರ ತಗೊಂಡು ಹೊಡಿ" ಎಂದ ಅವನು. ಅವನೂ ದಾಟಿರಲಿಲ್ಲ.

ಇಬ್ಬರೂ ನ್ಯಾಯವಂತರು. ಹಾಗಾದರೆ ಜೊಂಡನ್ನು ತಿಂದವರು ಯಾರು? ಹೊಂಬಾಳಮ್ಮ ಬದುವಿನ ಮೇಲೆ ಕೂತು ಯೋಚಿಸಿದಳು. ತಿಳಿಯಲಿಲ್ಲ. ಮನೆಯಲ್ಲಿ ಗಂಡ ಹಳೆಯ ಚಾಪೆಯೊಂದನ್ನು ಬಿಚ್ಚುವುದು, ಮತ್ತೆ ಹೆಣೆಯುವುದು, ಹೀಗೆ ಕಾಲ ಹಾಕುತ್ತಿದ್ದ. ಕೈ ಸುಮ್ಮನಿದ್ದರೆ ಮರೆತುಹೋಗುತ್ತದೆ ಎಂದು ಅವನ ಭಯ. ಅದನ್ನು ನೋಡಲಾರದೆ ಅವಳು ಚಾವಡಿಗೆ ನಡೆದಳು.

ನಕ್ಷೆಗಾರನಿಗೆ ಅವಳ ಗುರುತು ಹತ್ತಿತು. "ಬಾ ತಾಯಿ" ಎಂದು ಕೂರಿಸಿದ. ಕುಡಿಯಲು ಮಜ್ಜಿಗೆ ಕೊಡಿಸಿದ. ಅವಳ ದೂರು ಕೇಳಿ ಗಾಬರಿಯಿಂದ ಎದ್ದು ಹೋಗಿ ಬಟ್ಟೆಯನ್ನು ನೋಡಿದ. ನೋಡಿದ ಮೇಲೆ ಅವನಿಗೆ ಸಮಾಧಾನವಾಯಿತು.

"ಇಲ್ಲಿ ನೋಡು. ಹಾಗೇ ಇದೆ. ಹಸಿರು ಕೂಡ ಮಾಸಿಲ್ಲ. ಯಾರೂ ಅಳಿಸಿಲ್ಲ."

"ಗೆರೆ ಐತೆ ಬುದ್ಧಿ. ಜೊಂಡು ಇಲ್ಲ."

"ಗೆರೆಯನ್ನು ಯಾರಾದರೂ ದಾಟಿದರೇ?"

"ಇಲ್ಲ."

"ಮತ್ತೆ ದೂರು ಯಾರ ಮೇಲೆ?"

ಹೊಂಬಾಳಮ್ಮ ಬಟ್ಟೆಯ ಹತ್ತಿರ ಹೋಗಿ ನಿಂತಳು. "ಬುದ್ಧಿ, ನಮ್ಮ ಗೆರೆ ಎಷ್ಟು ಅಗಲ? ಅಷ್ಟಾದರೂ ಬಿಡಿಸಿಕೊಡಿ. ಒಂದು ಮಾರು ಆದ್ರೂ ಸರಿ. ಒಂದು ಮೊಳ ಆದ್ರೂ ಸರಿ."

ನ್ಯಾಯವಾದ ಪ್ರಶ್ನೆ. ನಕ್ಷೆಗಾರ ಬಟ್ಟೆಯನ್ನು ಮತ್ತೊಮ್ಮೆ ನೋಡಿ, "ಗೆರೆಗೆ ಅಗಲ ಇರುವುದಿಲ್ಲ ತಾಯಿ" ಎಂದ.

"ಇಲ್ಲಿ ಕಾಣ್ತಾ ಐತಲ್ಲ? ರಾಗಿಕಾಳಿನಷ್ಟು?"

"ಅದು ಮಸಿಯ ಅಗಲ. ಕಣ್ಣಿಗೆ ಕಾಣಲಿ ಎಂದು ಹಾಕಿದ್ದು. ಗೆರೆಯದಲ್ಲ."

"ಹಂಗಾದ್ರೆ ನಾನು ಎಲ್ಲಿ ನಿಂತ್ಕೊಂಡು ಕೊಯ್ಯಲಿ?"

ನಕ್ಷೆಗಾರ ನೆಲ ನೋಡಿದ. "ಅವತ್ತು ಕೇಳಿದೆನಲ್ಲ, ಯಾರದು ಎಂದು? ಒಂದು ಮಾತು ನಂದು ಎಂದಿದ್ದರೆ ಸುತ್ತು ಹಾಕಿಬಿಡುತ್ತಿದ್ದೆ."

"ಈಗ ಅಂತೀನಿ ಬುದ್ಧಿ."

"ಈಗ ತೆರಪಿಲ್ಲವಲ್ಲ ತಾಯಿ."

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂದು ಗಾದೆ. ಅವಳಿಗೂ ಬಾಯಿತ್ತು. ಅದನ್ನು ಅವಳು ದೇವರಿಗೆ ಕೊಟ್ಟಿದ್ದಳು.

ಚಾವಡಿಯಿಂದ ಅವಳು ಮನೆಗೆ ಹೋಗಲಿಲ್ಲ. ನೆಟ್ಟಗೆ ಕೆರೆಗೆ ಹೋದಳು. ಗೂಟದ ಬುಡದಲ್ಲಿ ನಾಲ್ಕಾರು ಜೊಂಡಿನ ಕಡ್ಡಿ ಉಳಿದಿದ್ದವು. ಅವುಗಳ ನಡುವೆ ಕಾಲಿಟ್ಟು ನಿಂತಳು. ನೀರು ಮುಟ್ಟಲಿಲ್ಲ, ಕಣ್ಣಿಗೆ ಒತ್ತಿಕೊಳ್ಳಲಿಲ್ಲ. "ನಂದು" ಎಂದಳು. ಮತ್ತೊಮ್ಮೆ ಗಟ್ಟಿಯಾಗಿ, "ಇದು ನಂದು!" ಎಂದು ಕೂಗಿದಳು. ಕೂಗಿ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡುತ್ತ ನಿಂತಳು.

ಕೈ ಸೊರಗಲಿಲ್ಲ.

ಸೊರಗಿದ್ದರೆ ಅವಳು ಅಷ್ಟು ಅಳುತ್ತಿರಲಿಲ್ಲ. ಶಾಪ ಕೊಡುವುದಕ್ಕಾದರೂ ಅಮ್ಮ ಅಲ್ಲಿ ಇರಬೇಕಾಗಿತ್ತು.

ಮುಂದಿನ ಮಳೆಗಾಲ ದೊಡ್ಡದಾಗಿ ಬಂತು. ಕೆರೆಯ ನೀರು ಏರಿತು. ಹಿಂದೆ ನೀರು ಏರಿದರೆ ಜೊಂಡು ಅದನ್ನು ತಡೆದು, ಸೋಸಿ, ಮೆಲ್ಲಗೆ ಬಿಡುತ್ತಿತ್ತು. ಈಗ ತಡೆಯುವವರು ಇಲ್ಲ. ನೀರು ನೇರವಾಗಿ ಪೈರಿನೊಳಗೆ ನುಗ್ಗಿತು. ಇಳಿಯುವಾಗ ಹೊಲದ ಮಣ್ಣನ್ನು ಎಳೆದುಕೊಂಡು ಹೋಗಿ ಕೆರೆಗೆ ತುಂಬಿತು.

"ಕೆರೆ ಗೆರೆ ದಾಟಿತು!" ಎಂದು ರೈತ ಅರಸನ ಹತ್ತಿರ ಓಡಿದ.

"ಹೊಲ ಗೆರೆ ದಾಟಿತು!" ಎಂದು ಮೀನುಗಾರನೂ ಓಡಿದ.

ಅರಸ ನಕ್ಷೆ ತರಿಸಿ ನೋಡಿದ. ಕೆರೆ ಎಲ್ಲಿಗೆ ಮುಗಿಯಬೇಕು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಅಲ್ಲಿಗೆ ಮುಗಿಯದಿದ್ದರೆ ತಪ್ಪು ಕೆರೆಯದೇ. "ಗೆರೆಯ ಮೇಲೆ ಕಲ್ಲಿನ ಗೋಡೆ ಕಟ್ಟಿಸಿ" ಎಂದು ಅಪ್ಪಣೆ ಕೊಟ್ಟ.

ಗೋಡೆ ಕಟ್ಟುವವರು ಬಂದರು. ಗೂಟಗಳು ಅಷ್ಟರಲ್ಲಿ ಕೊಳೆತು ಕೊಚ್ಚಿಹೋಗಿದ್ದವು. ಗೆರೆ ಎಲ್ಲಿ ಹಾದಿತ್ತು ಎಂದು ಯಾರನ್ನು ಕೇಳುವುದು? ರೈತನನ್ನು ಕೇಳಿದರೆ ಮೀನುಗಾರ ಒಪ್ಪುವುದಿಲ್ಲ. ಮೀನುಗಾರನನ್ನು ಕೇಳಿದರೆ ರೈತ ಒಪ್ಪುವುದಿಲ್ಲ. ಹಗ್ಗದ ತುದಿ ಹಿಡಿದವಳು ಇದ್ದಾಳಲ್ಲ, ಅವಳು ಒಂದು ಕಡೆ ವಾಲುವವಳಲ್ಲ ಎಂದು ಇಬ್ಬರೂ ಒಪ್ಪಿ ಹೊಂಬಾಳಮ್ಮನನ್ನು ಕರೆಸಿದರು.

"ತೋರಿಸಿಕೊಡು ಅಕ್ಕ. ತೋರಿಸಿದ್ದಕ್ಕೂ ಕಾಳು ಕೊಡ್ತಾರೆ, ಕಲ್ಲು ಹೊತ್ತರೆ ಅದಕ್ಕೂ ಕಾಳು ಕೊಡ್ತಾರೆ" ಎಂದ ರೈತ.

ಮನೆಯಲ್ಲಿ ಒಲೆ ತಣ್ಣಗಿತ್ತು. ಅವಳು ಮುಂದೆ ನಡೆದಳು. ಎಲ್ಲಿ ಕಾಲು ತಡೆದಳೋ ಅಲ್ಲಿ ಸುಣ್ಣ ಚೆಲ್ಲಿದರು. ಆಮೇಲೆ ಅವಳೂ ಸಿಂಬೆ ಸುತ್ತಿ ತಲೆಯ ಮೇಲೆ ಕಲ್ಲು ಹೊತ್ತಳು. ಕೇರಿಗೆ ಕೇರಿಯೇ ಹೊತ್ತಿತು. ಚಾಪೆ ಹೆಣೆಯುವವರು ಆ ವರ್ಷ ಗೋಡೆ ಎಬ್ಬಿಸಿದರು.

ಪಾಯದ ಕಲ್ಲು ಇಡುವಾಗ ಅವಳು ಕಲ್ಲುಕುಟಿಗನನ್ನು ಕೇಳಿದಳು. "ಗೋಡೆ ಎಷ್ಟು ಅಗಲ ಅಣ್ಣ?"

"ಎರಡು ಮೊಳ."

"ಎರಡು ಮೊಳ ಯಾರ ಜಾಗ? ಆ ಕಡೆಯೋರದಾ, ಈ ಕಡೆಯೋರದಾ?"

"ಯಾರದೂ ಅಲ್ಲಕ್ಕ. ಗೆರೆ ಮೇಲೆ ಕಟ್ಟು ಅಂದ್ರು, ಕಟ್ತಾ ಇದ್ದೀನಿ. ಗೆರೇದು."

ಹೊಂಬಾಳಮ್ಮ ತಲೆಯ ಮೇಲಿನ ಕಲ್ಲನ್ನು ಅವನ ಕೈಗೆ ಕೊಟ್ಟಳು. ಇನ್ನೊಂದು ತರಲು ತಿರುಗಿ ನಡೆದಳು.

ಗೋಡೆ ಮುಗಿಯಿತು. ನಕ್ಷೆಗೂ ನೆಲಕ್ಕೂ ಹೊಂದುತ್ತದೆಯೇ ನೋಡಿ ಬನ್ನಿ ಎಂದು ಅರಸ ಪಂಡಿತರನ್ನು ಕಳಿಸಿದ. ಅವರು ಬಟ್ಟೆಯನ್ನು ಬಿಚ್ಚಿ ಹಿಡಿದು ಗೋಡೆಯ ಉದ್ದಕ್ಕೂ ನಡೆದರು. ಈ ಕಡೆ ನೀರು, ಆ ಕಡೆ ನೆಲ. ಎಲ್ಲೂ ಎಳ್ಳಷ್ಟು ತೆರಪಿಲ್ಲ. ಸೀಮೆಯಲ್ಲೇ ಇಷ್ಟು ಸರಿಯಾಗಿ ಹೊಂದಿದ ಜಾಗ ಇನ್ನೊಂದಿಲ್ಲ ಎಂದು ಹೇಳಿದರು. ನಕ್ಷೆಗಾರನಿಗೆ ಶಾಲು ಹೊದಿಸಿದರು. ಆ ಹೊತ್ತಿನಲ್ಲಿ ಹೊಂಬಾಳಮ್ಮ ಬೇರೆ ಊರಿನಲ್ಲಿ ಕಲ್ಲು ಹೊರುತ್ತಿದ್ದಳು. ಅವಳ ಗಂಡ ಗುಡಿಸಿಲಿನ ಬಾಗಿಲಲ್ಲಿ ಕೂತು ಬರಿಯ ನೆಲದ ಮೇಲೆ ಬೆರಳಾಡಿಸುತ್ತಿದ್ದ. ಒಂದು ಕಡ್ಡಿ ಮೇಲೆ, ಒಂದು ಕಡ್ಡಿ ಕೆಳಗೆ. ನೋಡಿದವರು ಅವನಿಗೆ ಬುದ್ಧಿ ಕೆಟ್ಟಿದೆ ಎಂದರು. ಅವನು ಹೆಣೆಯುತ್ತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಇನ್ನೂ ಇದೆಯೆಂದು ಕಾದ. ಇರಲಿಲ್ಲ. ಯಾರನ್ನು ಬೈಯುವುದೆಂದು ಹುಡುಕಿ, ಕೊನೆಗೆ ಕೇಳಿದ.

"ಹಾಗಾದರೆ ಆ ನಕ್ಷೆ ಸುಳ್ಳು. ಅಲ್ಲವೇ ಗುರುಗಳೇ?"

"ಬರೆದ ದಿನ ಸುಳ್ಳಾಗಿತ್ತು ಮರಿ, ಈಗ ನಿಜ" ಎಂದರು ಗುರುಗಳು.